‘ಅವಳು ಗಟ್ಟಿಗಿತ್ತಿ, ತಡ್ಕೋತಾಳೆ’ ಅನ್ನುವ ಮಾತು ಕಪ್ಪು ಹೆಂಗಸರಿಗೆ ಏನು ಮಾಡಿದೆ?

ತುಂಗಾತೀರ

ಅಮೆರಿಕದ ಕಪ್ಪು ಹೆಂಗಸರ ಮಾತು ಬಂದರೆ ನಮ್ಮವರು ಮೊದಲು ಹೇಳುವುದು ಒಂದೇ. ‘ಅವರು ಬಿಡಿ, ಗಟ್ಟಿಗಿತ್ತಿಯರು, ಯಾರಿಗೂ ಹೆದರಲ್ಲ.’ ಮಿಶೆಲ್ ಒಬಾಮಾ, ಓಪ್ರಾ, ಸೆರೆನಾ ಅಂತ ಹೆಸರುಗಳೂ ಬರುತ್ತವೆ. ಹೊಗಳಿಕೆ ಅಂತಲೇ ಹೇಳುತ್ತಾರೆ, ಕೆಟ್ಟ ಮನಸ್ಸು ಇರುವುದಿಲ್ಲ. ಆದರೆ ಈ ಹೊಗಳಿಕೆ ಎಲ್ಲಿಂದ ಬಂತು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಅವಳಿಗೆ ನೋವಾಗುವುದಿಲ್ಲ ಅಂತ ಒಮ್ಮೆ ನಂಬಿದವರು ಅವಳಿಗೆ ಆದ ಅನ್ಯಾಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಹುಟ್ಟಿದ ಮಗು ಗುಲಾಮವೋ ಅಲ್ಲವೋ ಅನ್ನುವುದನ್ನು ತಾಯಿಯನ್ನು ನೋಡಿ ತೀರ್ಮಾನಿಸಬೇಕು ಅಂತ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಸ್ಥಾನ ಸಿಗುತ್ತಿತ್ತು, ಇಲ್ಲಿ ಅದನ್ನು ತಿರುಗಿಸಿದರು. ಅಂದರೆ ಮಾಲೀಕನೇ ಗುಲಾಮ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿ ಮಗು ಹುಟ್ಟಿದರೂ ಆ ಮಗು ಅವನ ಆಸ್ತಿ. ಇಂಥ ಕಾನೂನನ್ನು ಸಮರ್ಥಿಸಿಕೊಳ್ಳಲು ಒಂದು ಕಥೆಯೂ ಬೇಕಲ್ವಾ? ಕಪ್ಪು ಹೆಂಗಸೇ ಗಂಡಸರನ್ನು ಸೆಳೆಯುತ್ತಾಳೆ, ಅವಳ ಮೈ ಯಾವ ದುಡಿಮೆಗೂ ಯಾವ ಪೆಟ್ಟಿಗೂ ಜಗ್ಗುವುದಿಲ್ಲ ಅಂತ ಹೇಳಿಕೊಂಡು ಬಂದರು.

1855ರಲ್ಲಿ ಮಿಸೌರಿಯಲ್ಲಿ ಸೀಲಿಯಾ ಅನ್ನುವ ಗುಲಾಮ ಹುಡುಗಿಯ ಮೇಲೆ ಕೊಲೆ ಕೇಸು ನಡೆಯಿತು. ಅವಳನ್ನು ಎಳೆ ವಯಸ್ಸಿನಲ್ಲೇ ಕೊಂಡು ತಂದ ರಾಬರ್ಟ್ ನ್ಯೂಸಮ್ ವರ್ಷಗಟ್ಟಲೆ ಅವಳನ್ನು ಕೆಡಿಸಿದ್ದ. ಒಂದು ರಾತ್ರಿ ಅವಳು ತಿರುಗಿಬಿದ್ದಳು, ಅವನು ಸತ್ತ. ಆ ರಾಜ್ಯದ ಕಾನೂನು ‘ಯಾವುದೇ ಹೆಂಗಸಿಗೆ’ ರಕ್ಷಣೆ ಕೊಡುತ್ತದೆ, ಇವಳೂ ಹೆಂಗಸೇ ಅಂತ ಅವಳ ವಕೀಲರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಅವಳನ್ನು ಗಲ್ಲಿಗೆ ಹಾಕಿದರು.

ಗುಲಾಮಗಿರಿ ಹೋದ ಮೇಲೂ ಇದು ಹೋಗಲಿಲ್ಲ. 1944ರ ಸೆಪ್ಟೆಂಬರ್, ಅಲಬಾಮಾದ ಆಬ್‌ವಿಲ್ ಅನ್ನುವ ಊರು. 24 ವರ್ಷದ ರೀಸಿ ಟೇಲರ್ ರಾತ್ರಿ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದರು, ಜೊತೆಗೆ ಪರಿಚಯದವರೂ ಇದ್ದರು. ಬಿಳಿ ಹುಡುಗರು ಬಂದೂಕು ತೋರಿಸಿ ಕಾರಿನಲ್ಲಿ ಎಳೆದೊಯ್ದರು. ಆರು ಜನ ಅತ್ಯಾಚಾರ ಮಾಡಿದರು. ಅವರಲ್ಲೊಬ್ಬ ಒಪ್ಪಿಕೊಂಡು ಉಳಿದವರ ಹೆಸರೂ ಹೇಳಿದ. ಆದರೂ ಎರಡು ಸಲ ಕೂತ ಗ್ರ್ಯಾಂಡ್ ಜ್ಯೂರಿ, ಅಂದರೆ ಕೇಸು ನಡೆಸಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ, ಕೇಸು ಹಾಕಲು ಒಪ್ಪಲಿಲ್ಲ. ರೀಸಿ ಮನೆಗೆ ಬೆಂಕಿ ಇಟ್ಟರು. ಮಾಂಟ್‌ಗೊಮೆರಿಯ ಎನ್‌ಎಎಸಿಪಿ ಅನ್ನುವ, ಕಪ್ಪು ಜನರ ಹಕ್ಕಿಗೆ ದುಡಿಯುವ ಸಂಘಟನೆಯ ಶಾಖೆಯಿಂದ ಈ ವಿಷಯ ವಿಚಾರಿಸಲು ಹೋದವರು ಯಾರು ಗೊತ್ತಾ? ರೋಸಾ ಪಾರ್ಕ್ಸ್. ಬಿಳಿಯನಿಗೆ ಬಸ್ಸಿನ ಸೀಟು ಬಿಡದ ರೋಸಾ ಪಾರ್ಕ್ಸ್ ಎಲ್ಲರಿಗೂ ಗೊತ್ತು. ಅದಕ್ಕಿಂತ 11 ವರ್ಷ ಮೊದಲೇ ಕಪ್ಪು ಹೆಂಗಸರ ಮೇಲಿನ ಅತ್ಯಾಚಾರದ ವಿರುದ್ಧ ಊರೂರು ಅಲೆದು ಸಮಿತಿ ಕಟ್ಟಿದ ರೋಸಾ ಪಾರ್ಕ್ಸ್ ಎಷ್ಟು ಜನಕ್ಕೆ ಗೊತ್ತು?

ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ. ಆ ಆರು ಜನರಲ್ಲಿ ಒಬ್ಬನ ಮೇಲೂ ವಿಚಾರಣೆ ನಡೆಯಲೇ ಇಲ್ಲ.

ಬಯಲುಸೀಮೆ

ಅಕ್ಕ, ಓದಿ ಸಂಕಟ ಆಯಿತು. ಆದರೆ ಒಂದು ಮಾತು ಕೇಳಲೇಬೇಕು. ಅವರು ಗಟ್ಟಿಯಾಗಿದ್ದು ನಿಜ ತಾನೇ? ಹ್ಯಾರಿಯೆಟ್ ಟಬ್‌ಮನ್ ತಾನು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮೇಲೂ ಮತ್ತೆ ಮತ್ತೆ ವಾಪಸ್ ಹೋಗಿ ಹತ್ತಾರು ಜನರನ್ನು ಬಿಡಿಸಿ ತಂದರು. ಬರೀ ನೋವಿನ ಕಥೆ ಹೇಳಿದರೆ ಅವರ ಸಾಹಸವನ್ನು ಮರೆಮಾಡಿದ ಹಾಗಾಗುವುದಿಲ್ವಾ? ಇನ್ನೊಂದು, ಅಲ್ಲಿನ ಕಪ್ಪು ಕುಟುಂಬಗಳಲ್ಲಿ ಹೆಂಗಸರದೇ ಯಜಮಾನಿಕೆ ಅಂತ ಎಷ್ಟೋ ಕಡೆ ಓದಿದ್ದೇನೆ. ಅದರಲ್ಲಿ ಏನೂ ಸತ್ಯ ಇಲ್ಲವೇ?

ತುಂಗಾತೀರ

ಸಾಹಸ ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಬೇರೆ ದಾರಿ ಇಲ್ಲದೆ ತಡೆದುಕೊಂಡವಳನ್ನು ನೋಡಿ ‘ಇವಳಿಗೆ ಏನೂ ಆಗುವುದಿಲ್ಲ’ ಅಂದುಕೊಳ್ಳುವುದು ಮಾತ್ರ ಸುಳ್ಳು.

ಯಜಮಾನಿಕೆಯ ಮಾತು ಎಲ್ಲಿಂದ ಬಂತು ಅನ್ನುವುದು ಮುಖ್ಯ, ಯಾಕಂದರೆ ಅದಕ್ಕೆ ಸರ್ಕಾರದ ಮುದ್ರೆಯೇ ಬಿದ್ದಿತ್ತು. 1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಕಪ್ಪು ಕುಟುಂಬಗಳ ಬಗ್ಗೆ ಒಂದು ವರದಿ ಬರೆದರು. ಕಪ್ಪು ಸಮುದಾಯ ಹಿಂದೆ ಬೀಳಲು ಒಂದು ದೊಡ್ಡ ಕಾರಣ ಅದರ ತಾಯಿಯಾಳ್ವಿಕೆಯ ಕುಟುಂಬ ಅಂತ ಅದರಲ್ಲಿತ್ತು. ಕೆಲಸ ಸಿಗದಿರುವುದು, ಬಣ್ಣಭೇದ ಎಲ್ಲವೂ ವರದಿಯಲ್ಲಿ ಇತ್ತು ನಿಜ. ಆದರೆ ಜನರ ಬಾಯಲ್ಲಿ ಉಳಿದದ್ದು ಇದೊಂದೇ: ಹೆಂಗಸರು ಜಾಸ್ತಿ ಮೇಲೆದ್ದು ಗಂಡಸರನ್ನು ಕೆಳಗೆ ತಳ್ಳಿದರು. ಈಗ ಅದೇ ವರದಿಯ ಅಂಕಿ ನೋಡಿ. ಹೆಂಗಸರು ನಡೆಸುತ್ತಿದ್ದ ಕಪ್ಪು ಕುಟುಂಬಗಳು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಉಳಿದ ಮೂರರಲ್ಲಿ ಹಾಗಿರಲಿಲ್ಲ.

ಮತ್ತೆ ಆ ‘ಯಜಮಾನಿ’ಯರ ಕೈಯಲ್ಲಿ ಇದ್ದುದಾದರೂ ಏನು? ಅವರಲ್ಲಿ ದೊಡ್ಡ ಪಾಲು ಬಿಳಿಯರ ಮನೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಅವರ ಮಕ್ಕಳನ್ನು ಸಾಕುತ್ತಿದ್ದವರು. 1935ರಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟರು. ಮುಪ್ಪಿಗೆ ಪಿಂಚಣಿ ಇಲ್ಲ, ಬ್ಯಾಂಕ್ ಸಾಲ ಇಲ್ಲ, ದಕ್ಷಿಣದಲ್ಲಿ 1965ರವರೆಗೆ ಬಹಳ ಕಡೆ ಮತ ಹಾಕಲೂ ಬಿಡುತ್ತಿರಲಿಲ್ಲ. ಗಂಡ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೋಗಿ ಮನೆ ಅವಳೊಬ್ಬಳ ಹೆಗಲಿಗೆ ಬಿದ್ದರೆ ಅದನ್ನು ಅಧಿಕಾರ ಅನ್ನುತ್ತೀರಾ? ಅದು ಹೊರೆ. 1971ರಲ್ಲಿ ಜೈಲಿನಲ್ಲಿದ್ದ ಕಪ್ಪು ಹೋರಾಟಗಾರ್ತಿ ಆಂಜೆಲಾ ಡೇವಿಸ್ ಈ ತಾಯಿಯಾಳ್ವಿಕೆಯ ಕಟ್ಟುಕಥೆಯನ್ನು ಬಿಚ್ಚಿ ಬಿಚ್ಚಿ ಬರೆದರು. ಗುಲಾಮ ಹೆಂಗಸಿಗೆ ಅಧಿಕಾರ ಇತ್ತು ಅನ್ನುವುದೇ ಕ್ರೂರ ಮಾತು ಅನ್ನುವುದು ಅವರ ವಾದ.

ಹಳೇಪೇಟೆ

ಇದಕ್ಕೆ ಒಂದು ಸೇರಿಸುತ್ತೇನೆ. 1923ರಲ್ಲಿ ಅಮೆರಿಕದ ಸೆನೆಟ್ ಒಂದು ಮಸೂದೆ ಪಾಸು ಮಾಡಿತು. ವಾಷಿಂಗ್ಟನ್ನಿನಲ್ಲಿ ‘ಮ್ಯಾಮಿ’ಗೆ, ಅಂದರೆ ಬಿಳಿಯರ ಮಕ್ಕಳನ್ನು ಸಾಕಿದ ನಿಷ್ಠಾವಂತ ಗುಲಾಮ ದಾದಿಗೆ, ಸ್ಮಾರಕ ಕಟ್ಟಲು. ಕೇಳಿಕೊಂಡವರು ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಾಡಿದ ದಕ್ಷಿಣದ ಸೈನಿಕರ ವಂಶದ ಬಿಳಿ ಹೆಂಗಸರ ಸಂಘ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1922ರ ಡಿಸೆಂಬರ್‌ನಲ್ಲಿ, ಇದೇ ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಡೈಯರ್ ಮಸೂದೆಯನ್ನು ಮುಗಿಸಿದ್ದರು. ಗುಂಪು ಸೇರಿ ಜನರನ್ನು ಕೊಲ್ಲುವ ಲಿಂಚಿಂಗ್ ತಡೆಯಲು ತಂದಿದ್ದ ಮಸೂದೆ ಅದು. ಸುಳ್ಳು ತಾಯಿಗೆ ಕಲ್ಲಿನ ಪ್ರತಿಮೆ, ನಿಜವಾದ ತಾಯಂದಿರಿಗೆ ರಕ್ಷಣೆ ಇಲ್ಲ. ಕಪ್ಪು ಹೆಂಗಸರ ಸಂಘಗಳು ಜೋರಾಗಿ ವಿರೋಧಿಸಿದವು, ಕೆಳಮನೆಯಲ್ಲಿ ಮಸೂದೆ ಬಿದ್ದುಹೋಯಿತು, ಸ್ಮಾರಕ ಏಳಲಿಲ್ಲ.

ಲಿಂಚಿಂಗ್ ಅಂದರೆ ಎಲ್ಲರ ಕಣ್ಣಿಗೆ ಗಂಡಸೇ ಬರುತ್ತಾನೆ. 1918ರ ಮೇ ತಿಂಗಳಲ್ಲಿ ಜಾರ್ಜಿಯಾದಲ್ಲಿ ಮೇರಿ ಟರ್ನರ್ ಅನ್ನುವ ತುಂಬು ಗರ್ಭಿಣಿಯನ್ನು ಕೊಂದರು. ಗಂಡನನ್ನು ಕೊಂದದ್ದು ತಪ್ಪು, ಕೊಂದವರ ಹೆಸರು ಹೇಳುತ್ತೇನೆ ಅಂತ ಬಾಯಿಬಿಟ್ಟು ಅಂದದ್ದಕ್ಕೆ. ಹೇಗೆ ಕೊಂದರು ಅಂತ ಇಲ್ಲಿ ಬರೆಯಲು ನನಗೆ ಆಗುವುದಿಲ್ಲ.

ಇನ್ನು ಮಿಸ್ಸಿಸಿಪ್ಪಿಯಲ್ಲಿ ಕಪ್ಪು ಜನರ ಮತದ ಹಕ್ಕಿಗೆ ಹೋರಾಡಿದ ಫ್ಯಾನಿ ಲೂ ಹೇಮರ್. 1961ರಲ್ಲಿ ಗೆಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದವರ ಗರ್ಭಕೋಶವನ್ನೇ ಕೇಳದೆ ತೆಗೆದುಹಾಕಿದರು. ಮಿಸ್ಸಿಸಿಪ್ಪಿಯಲ್ಲಿ ಇದು ಎಷ್ಟು ಮಾಮೂಲಾಗಿತ್ತು ಅಂದರೆ ಅದಕ್ಕೊಂದು ಅಡ್ಡಹೆಸರೇ ಇತ್ತು, ‘ಮಿಸ್ಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್’ ಅಂತ. 1963ರ ಜೂನ್‌ನಲ್ಲಿ ವಿನೋನಾ ಜೈಲಿನಲ್ಲಿ ಪೊಲೀಸರು ಅವರನ್ನು ಹೊಡೆಸಿದ ರೀತಿಗೆ ಮೂತ್ರಪಿಂಡ ಹಾಳಾಗಿ, ಸಾಯುವವರೆಗೂ ಆ ಪೆಟ್ಟು ಕಾಡಿತು. ಮರುವರ್ಷ ಅವರು ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಅಧ್ಯಕ್ಷ ಜಾನ್ಸನ್ ಅವಸರವಾಗಿ ಪತ್ರಿಕಾಗೋಷ್ಠಿ ಕರೆದರು, ಟಿವಿ ಕ್ಯಾಮೆರಾ ಅತ್ತ ತಿರುಗಲಿ ಅಂತ. ಸಂಜೆ ಸುದ್ದಿಯಲ್ಲಿ ಅವರ ಮಾತು ಪೂರ್ತಿ ಬಂತು ಅನ್ನುವುದು ಬೇರೆ ವಿಷಯ.

ಅಟ್ಲಾಂಟಾದಿಂದ

ನಾನು ಇಲ್ಲಿ ಹೆರಿಗೆ ವಾರ್ಡಿನಲ್ಲಿ ನರ್ಸ್. ಊರು ಹಾಸನದ ಕಡೆ. ನೀವೆಲ್ಲ ಹಳೇ ಕಾಲದ್ದು ಬರೆದಿರಿ, ನಾನು ಈಗಿನದು ಹೇಳುತ್ತೇನೆ.

2023ರ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಸತ್ತ ಬಿಳಿ ತಾಯಂದಿರು 14.5, ಕಪ್ಪು ತಾಯಂದಿರು 50.3. ‘ಬಡತನ, ಓದಿಲ್ಲ, ಅದಕ್ಕೆ’ ಅಂತ ನಮ್ಮ ಕನ್ನಡದವರೇ ಎಷ್ಟೋ ಜನ ನನ್ನ ಹತ್ತಿರ ಹೇಳಿದ್ದಾರೆ. ಡಿಗ್ರಿ ಓದಿದ ಕಪ್ಪು ತಾಯಂದಿರನ್ನು ಡಿಗ್ರಿ ಓದಿದ ಬಿಳಿ ತಾಯಂದಿರ ಜೊತೆ ಹೋಲಿಸಿ ನೋಡಿದ್ದಾರೆ, ಅಲ್ಲಿ ಅಂತರ ಐದು ಪಟ್ಟಿಗಿಂತ ಜಾಸ್ತಿ. ಶಲಾನ್ ಅರ್ವಿಂಗ್ ಅಂತ ಒಬ್ಬರಿದ್ದರು, ಇದೇ ಅಟ್ಲಾಂಟಾದ ಸಿಡಿಸಿಯಲ್ಲಿ, ಅಂದರೆ ರೋಗ ತಡೆಯುವ ಸರ್ಕಾರಿ ಸಂಸ್ಥೆಯಲ್ಲಿ, ವಿಜ್ಞಾನಿ. ಆರೋಗ್ಯದಲ್ಲಿನ ತಾರತಮ್ಯವೇ ಅವರ ಅಧ್ಯಯನದ ವಿಷಯ. 2017ರ ಜನವರಿಯಲ್ಲಿ ಮಗು ಹುಟ್ಟಿ ಮೂರು ವಾರಕ್ಕೆ ತೀರಿಕೊಂಡರು. ಬಿಪಿ ಏರಿದೆ, ಕಾಲು ಊದಿದೆ ಅಂತ ಆ ಮೂರು ವಾರದಲ್ಲಿ ಮತ್ತೆ ಮತ್ತೆ ತೋರಿಸಿಕೊಂಡಿದ್ದರು.

ಸೆರೆನಾ ವಿಲಿಯಮ್ಸ್ ಹೆಸರು ಮೇಲೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರಿಗೆ ಸಿಸೇರಿಯನ್ ಆಯಿತು. ಮಾರನೇ ದಿನ ಉಸಿರು ಕಟ್ಟಿತು. ಅವರಿಗೆ ಮೊದಲೇ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಕಾಯಿಲೆ ಇತ್ತು, ಹಾಗಾಗಿ ಏನಾಗುತ್ತಿದೆ ಅಂತ ಗೊತ್ತಾಯಿತು. ಸಿಟಿ ಸ್ಕ್ಯಾನ್ ಮಾಡಿ, ರಕ್ತ ತೆಳುವಾಗುವ ಔಷಧಿ ಕೊಡಿ ಅಂತ ಬಾಯಿಬಿಟ್ಟು ಕೇಳಿದರು. ನೋವಿನ ಔಷಧಿಯಿಂದ ಗೊಂದಲ ಆಗಿರಬೇಕು ಅಂದುಕೊಂಡರಂತೆ. ಕೊನೆಗೆ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಇದ್ದವು. ಜಗತ್ತಿಗೆಲ್ಲ ಗೊತ್ತಿರುವ ಆಟಗಾರ್ತಿಯ ಪಾಡು ಇದಾದರೆ, ಬಸ್ಸಿನಲ್ಲಿ ಬಂದು ಸರ್ಕಾರಿ ವಿಮೆ ತೋರಿಸಿ ಹೆರಿಗೆಗೆ ಸೇರುವ ಹತ್ತೊಂಬತ್ತರ ಹುಡುಗಿಯ ಪಾಡೇನು?

2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿ ಮೆಡಿಕಲ್ ವಿದ್ಯಾರ್ಥಿಗಳನ್ನೂ ರೆಸಿಡೆಂಟ್‌ಗಳನ್ನೂ (ತರಬೇತಿಯಲ್ಲಿರುವ ಡಾಕ್ಟರುಗಳನ್ನು) ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ನಿಜ ಅಂದುಕೊಂಡಿದ್ದರು. ಇದು ಎಲ್ಲಿಂದ ಬಂತು ಅಂದರೆ, 1840ರ ದಶಕದಲ್ಲಿ ಮಾಂಟ್‌ಗೊಮೆರಿಯಲ್ಲಿ ಡಾಕ್ಟರ್ ಜೆ. ಮೇರಿಯನ್ ಸಿಮ್ಸ್ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಆಪರೇಷನ್ ಮಾಡಿ ಕಲಿತ ಕಾಲಕ್ಕೆ ಹೋಗುತ್ತದೆ. ಅನಾರ್ಕಾ, ಬೆಟ್ಸಿ, ಲೂಸಿ ಅಂತ ಮೂವರ ಹೆಸರು ಮಾತ್ರ ಉಳಿದಿದೆ. ಅನಾರ್ಕಾಗೆ ಸುಮಾರು 30 ಸಲ ಮಾಡಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹತ್ತಿರ ಇದ್ದ ಅವನ ಪ್ರತಿಮೆ ತೆಗೆದದ್ದು 2018ರಲ್ಲಿ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹಿರಿಯ ನರ್ಸ್ ಒಬ್ಬರು ಕಪ್ಪು ಹೆಂಗಸೊಬ್ಬಳು ನೋವು ಅಂದಾಗ ‘ಇವರು ತಡ್ಕೋತಾರೆ’ ಅಂತ ನನ್ನ ಎದುರಿಗೇ ಹೇಳಿ ಮುಂದಿನ ರೂಮಿಗೆ ಹೋದರು. ಬೈಗುಳದ ದನಿ ಇರಲಿಲ್ಲ. ಮೆಚ್ಚುಗೆಯಲ್ಲೇ ಹೇಳಿದರು.

ಬಯಲುಸೀಮೆ

ಪೊಲೀಸರ ಹಿಂಸೆಯ ಬಗ್ಗೆಯಂತೂ ಜಗತ್ತೆಲ್ಲ ಮಾತಾಡಿತಲ್ಲ? ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಇಲ್ಲಿ ನಮ್ಮ ಪೇಪರುಗಳಲ್ಲೂ ದಿನಾ ಬರುತ್ತಿತ್ತು.

ತುಂಗಾತೀರ

ಬಂತು, ಬರಲೇಬೇಕಿತ್ತು. ಆದರೆ ಆತನಿಗಿಂತ ಎರಡು ತಿಂಗಳ ಮೊದಲು, 2020ರ ಮಾರ್ಚ್ 13ರ ರಾತ್ರಿ, ಲೂಯಿವಿಲ್‌ನಲ್ಲಿ ಬ್ರಿಯಾನಾ ಟೇಲರ್ ಅನ್ನುವ 26 ವರ್ಷದ ಹುಡುಗಿಯನ್ನು ಪೊಲೀಸರು ಅವಳ ಮನೆಯೊಳಗೇ ಗುಂಡಿಟ್ಟು ಕೊಂದರು. ತುರ್ತು ಚಿಕಿತ್ಸೆಯ ಕೆಲಸದವಳು. ಪೊಲೀಸರ ಘಟನಾ ವರದಿಯಲ್ಲಿ ಅವಳಿಗೆ ಆದ ಗಾಯ ಅನ್ನುವ ಜಾಗದಲ್ಲಿ ‘ಇಲ್ಲ’ ಅಂತ ಬರೆದಿದ್ದರು. ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ಒಬ್ಬ ಅಧಿಕಾರಿಯ ಮೇಲೆ ಮಾತ್ರ ಆರೋಪ ಹೊರಿಸಿತು, ಅದೂ ಪಕ್ಕದ ಮನೆಗೆ ಗುಂಡು ತೂರಿಹೋಗಿದ್ದಕ್ಕೆ. ಅವಳ ಹೆಸರು ದೊಡ್ಡದಾಗಿ ಕೇಳಿದ್ದು ಫ್ಲಾಯ್ಡ್ ಸತ್ತು ಜನ ಬೀದಿಗೆ ಬಂದ ಮೇಲೆ. 2014ರಲ್ಲೇ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಮತ್ತು ಅವರ ಜೊತೆಗಾರರು ‘ಅವಳ ಹೆಸರು ಹೇಳಿ’ ಅಂತ ಆಂದೋಲನ ಶುರು ಮಾಡಿದ್ದು ಇದೇ ಕಾರಣಕ್ಕೆ.

ಒಕ್ಲಹೋಮಾ ಸಿಟಿಯ ಪೊಲೀಸ್ ಡೇನಿಯಲ್ ಹೋಲ್ಟ್ಸ್‌ಕ್ಲಾ ಕೇಸು ಓದಿ. ಬಡವರ ಬೀದಿಯಲ್ಲಿ ಹಳೇ ಕೇಸು, ಡ್ರಗ್ಸ್ ಚಟ ಇರುವ ಕಪ್ಪು ಹೆಂಗಸರನ್ನು ಆರಿಸಿ ಆರಿಸಿ ಹಿಡಿದು ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. ಇವರ ದೂರನ್ನು ಯಾರು ನಂಬುತ್ತಾರೆ ಅನ್ನುವ ಧೈರ್ಯ. 2014ರಲ್ಲಿ 57 ವರ್ಷದ ಒಬ್ಬ ಅಜ್ಜಿಯನ್ನು ತಡೆದ, ಅವರ ಮೇಲೆ ಯಾವ ಕೇಸೂ ಇರಲಿಲ್ಲ, ಅವರು ಕೂಡಲೇ ದೂರು ಕೊಟ್ಟರು. ಆಮೇಲೆ 13 ಜನ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. 263 ವರ್ಷ ಶಿಕ್ಷೆ ಆಯಿತು. ಇಷ್ಟು ದೊಡ್ಡ ಕೇಸು, ದೊಡ್ಡ ಟಿವಿ ಚಾನೆಲ್‌ಗಳಲ್ಲಿ ಬಂದದ್ದು ಬಹಳ ಕಡಿಮೆ.

ಫ್ಲಾರಿಡಾದ ಮರಿಸ್ಸಾ ಅಲೆಕ್ಸಾಂಡರ್ ನೋಡಿ. ಹೆರಿಗೆಯಾಗಿ ಕೆಲವೇ ದಿನ. ಹಿಂದೆಯೂ ಹೊಡೆದಿದ್ದ ಗಂಡ ಮೇಲೆ ಬಂದಾಗ ಎಚ್ಚರಿಕೆಗೆ ಅಂತ ಒಂದು ಗುಂಡು ಹಾರಿಸಿದರು, ಯಾರಿಗೂ ತಾಗಲಿಲ್ಲ. ಆತ್ಮರಕ್ಷಣೆಗೆ ಎದುರು ನಿಲ್ಲಬಹುದು ಅಂತ ಕಾನೂನೇ ಇರುವ ರಾಜ್ಯ ಅದು. ಆದರೆ ಗ್ಯಾರೇಜಿಗೆ ಹೋಗಿ ಬಂದೂಕು ತಂದು ಮತ್ತೆ ಮನೆಯೊಳಗೆ ಬಂದಿದ್ದೀರಿ, ಹೆದರಿದವರು ಹಾಗೆ ಬರುವುದಿಲ್ಲ ಅಂತ ಕೋರ್ಟು ಅಂದಿತು. 2012ರಲ್ಲಿ 20 ವರ್ಷ ಜೈಲು. ಜ್ಯೂರಿ ಯೋಚಿಸಿದ್ದು 12 ನಿಮಿಷ. ಮೇಲ್ಮನವಿ ಗೆದ್ದು, ಆಮೇಲೆ ರಾಜಿ ಮಾಡಿಕೊಂಡು 2015ರಲ್ಲಿ ಹೊರಬಂದರು. ಗಟ್ಟಿಗಿತ್ತಿಗೆ ಹೆದರಿಕೆ ಇರುವುದಿಲ್ಲ ಅನ್ನುವ ನಂಬಿಕೆ ಕೋರ್ಟಿನ ಒಳಗೂ ಬಂದು ಕೂತಿರುತ್ತದೆ.

ಡಲ್ಲಾಸ್‌ವಾಸಿ

ಯಾರೂ ಮುಟ್ಟದ ಒಂದು ವಿಷಯ ಹೇಳಲೇ? ಬಿಳಿಯರು, ಪೊಲೀಸರು ಮಾಡಿದ್ದನ್ನು ಹೇಳುವುದು ಸುಲಭ. ಮನೆಯೊಳಗೆ ಆಗುವುದು? ಸಿಡಿಸಿಯ 2010ರ ಸಮೀಕ್ಷೆಯಲ್ಲಿ ಕಪ್ಪು ಹೆಂಗಸರಲ್ಲಿ 43.7 ಶೇಕಡಾ ಜನ ಗಂಡನಿಂದಲೋ ಸಂಗಾತಿಯಿಂದಲೋ ಹೊಡೆತ, ಅತ್ಯಾಚಾರ ಅಥವಾ ಬೆನ್ನಟ್ಟುವ ಕಾಟ ಅನುಭವಿಸಿದ್ದರು. ಬಿಳಿ ಹೆಂಗಸರಲ್ಲಿ 34.6. ಆದರೆ ಇದನ್ನು ಹೇಳಲು ನನಗೇ ಭಯ, ಯಾಕಂದರೆ ‘ಕಪ್ಪು ಗಂಡಸರು ಕ್ರೂರಿಗಳು’ ಅಂತ ಹೇಳುವವರ ಕೈಗೆ ಕೋಲು ಕೊಟ್ಟ ಹಾಗೆ. ಅದೇ ಸುಳ್ಳಿನ ಮೇಲೆ ಎಷ್ಟು ಗಂಡಸರನ್ನು ಮರಕ್ಕೆ ನೇಣು ಹಾಕಿದರು.

ಹಳೇಪೇಟೆ

ಆ ಭಯ ಅಲ್ಲಿನ ಹೆಂಗಸರಿಗೇ ಮೊದಲಿಂದ ಇದೆ. ಪೊಲೀಸರನ್ನು ಕರೆದರೆ ಗಂಡ ಹೆಣವಾಗಿ ಹೋಗಬಹುದು, ಕರೆಯದಿದ್ದರೆ ತಾನು. 1991ರ ಅಕ್ಟೋಬರ್‌ನಲ್ಲಿ ಅನಿತಾ ಹಿಲ್ ಅನ್ನುವ ಕಪ್ಪು ಪ್ರಾಧ್ಯಾಪಕಿ 14 ಬಿಳಿ ಗಂಡಸರ ಸೆನೆಟ್ ಸಮಿತಿಯ ಮುಂದೆ ಕೂತು, ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ಕಪ್ಪು ನ್ಯಾಯಾಧೀಶ ಕ್ಲಾರೆನ್ಸ್ ಥಾಮಸ್ ತಮಗೆ ಲೈಂಗಿಕ ಕಿರುಕುಳ ಕೊಟ್ಟಿದ್ದರು ಅಂತ ದೂರು ಹೇಳಿದರು. ಥಾಮಸ್ ಅದನ್ನು ‘ಹೈಟೆಕ್ ಲಿಂಚಿಂಗ್’ ಅಂದರು. ಆ ಒಂದು ಮಾತಿನಿಂದ ಇಡೀ ಲಿಂಚಿಂಗ್ ಇತಿಹಾಸ ಅವರ ಕಡೆ ಹೋಯಿತು, ಮೇರಿ ಟರ್ನರ್ ಇದ್ದ ಇತಿಹಾಸವೂ ಸೇರಿ. ಅನಿತಾ ತಮ್ಮವರ ಬೆನ್ನಿಗೆ ಚೂರಿ ಹಾಕಿದವಳು ಅಂತ ಅನ್ನಿಸಿಕೊಂಡರು. ಸೆನೆಟ್ ಮತದಲ್ಲಿ 52-48ರಲ್ಲಿ ಥಾಮಸ್ ಗೆದ್ದರು. ಮುಂದಿನ ತಿಂಗಳು 1,600ಕ್ಕೂ ಹೆಚ್ಚು ಕಪ್ಪು ಹೆಂಗಸರು ತಾವೇ ಹಣ ಕೂಡಿಸಿ, ತಮ್ಮ ಹೆಸರು ಹಾಕಿ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟು ಅನಿತಾ ಪರ ನಿಂತರು.

ತುಂಗಾತೀರ

ಡಲ್ಲಾಸ್‌ವಾಸಿಯವರೇ, ಭಯ ಅರ್ಥ ಆಗುತ್ತದೆ, ಆದರೆ ಸುಮ್ನೆ ಇರುವುದಕ್ಕೆ ಬೆಲೆ ಕೊಟ್ಟವರು ಹೆಣ್ಣುಮಕ್ಕಳೇ. ಎಳೆ ಹುಡುಗಿಯರನ್ನು ಕೆಡಿಸಿದ ದೂರುಗಳಿದ್ದ ಹಾಡುಗಾರ ಆರ್. ಕೆಲ್ಲಿ 2008ರಲ್ಲಿ ಚಿಕಾಗೋದಲ್ಲಿ ಖುಲಾಸೆ ಆದ. ತಪ್ಪಿತಸ್ಥ ಅಂತ ತೀರ್ಪು ಬಂದದ್ದು 2021ರಲ್ಲಿ. ನಡುವಿನ ಅಷ್ಟೂ ವರ್ಷ ಅವನ ಹಾಡು ಮದುವೆಮನೆಗಳಲ್ಲಿ ಓಡುತ್ತಿತ್ತು. 2020ರಲ್ಲಿ ರ್‍ಯಾಪ್ ಹಾಡುಗಾರ್ತಿ ಮೇಗನ್ ದಿ ಸ್ಟ್ಯಾಲಿಯನ್ ಕಾಲಿಗೆ ಗುಂಡು ಬಿತ್ತು. ಅವರು ಮೊದಲು ಪೊಲೀಸರಿಗೆ ಗಾಜು ತುಳಿದೆ ಅಂತ ಹೇಳಿದ್ದರು. ಫ್ಲಾಯ್ಡ್ ಸತ್ತು ಹೆಚ್ಚು ದಿನ ಆಗಿರಲಿಲ್ಲ, ಕಾರಿನಲ್ಲಿ ಬಂದೂಕು ಇದೆ ಅಂದರೆ ಎಲ್ಲರನ್ನೂ ಪೊಲೀಸರು ಕೊಲ್ಲಬಹುದು ಅನ್ನುವ ಹೆದರಿಕೆ. ಗುಂಡು ಹೊಡೆದವನನ್ನೂ ಕಾಪಾಡಿದರು. ಆಮೇಲೆ ನಿಜ ಹೇಳಿದಾಗ ಜನ ಎರಡು ವರ್ಷ ಗೇಲಿ ಮಾಡಿದರು, ಎತ್ತರದ ಹೆಂಗಸು, ಇವಳಿಗೇನು ಅಂತ. 2022ರಲ್ಲಿ, ಗುಂಡು ಹೊಡೆದ ಟೋರಿ ಲೇನ್ಸ್ ತಪ್ಪಿತಸ್ಥ ಅಂತ ತೀರ್ಪು ಬಂತು, ಆಮೇಲೆ 10 ವರ್ಷ ಶಿಕ್ಷೆ.

ಯಲ್ಲಾಪುರದವಳು

ನಾನು ಸಿದ್ದಿ. ನಮ್ಮ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ನಮ್ಮ ಮಾತು ಅಮೆರಿಕದವರ ಮಾತಲ್ಲ, ಆದರೂ ಇದು ಓದಿ ಬರೆಯಬೇಕು ಅನ್ನಿಸಿತು. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಮಕ್ಕಳನ್ನು ಓಟಕ್ಕೆ ಆರಿಸಿಕೊಂಡು ಹೋದರು, ಆಫ್ರಿಕಾ ರಕ್ತ, ಹುಟ್ಟಿನಿಂದಲೇ ಶಕ್ತಿ ಅಂತ. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ನಾನು ಶಾಲೆಯಲ್ಲಿದ್ದಾಗ ನೀರು ಹೊರಲು, ಬೆಂಚು ಎತ್ತಲು ಯಾವಾಗಲೂ ನಮ್ಮ ಹುಡುಗಿಯರನ್ನೇ ಕರೆಯುತ್ತಿದ್ದರು. ಸುಸ್ತಾಯಿತು ಅಂದರೆ ನಗುತ್ತಿದ್ದರು.

ಬೆಂಗಳೂರಿನ ಹೆಸರಘಟ್ಟದ ಕಡೆ 2016ರ ಜನವರಿ ಕೊನೆಯಲ್ಲಿ ಆದದ್ದು ನೆನಪಿದೆಯಾ? ಸೂಡಾನಿನ ಹುಡುಗನೊಬ್ಬನ ಕಾರು ಹೊಡೆದು ಒಬ್ಬ ಹೆಂಗಸು ತೀರಿಕೊಂಡರು. ಆಮೇಲೆ ಬೇರೆ ಕಾರಿನಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆದು ಬಟ್ಟೆ ಹರಿದರು. ಆ ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಇದು ಬಣ್ಣಭೇದ ಅಲ್ಲ ಅಂತ ಆಗಿನ ಗೃಹಮಂತ್ರಿಗಳು ಹೇಳಿದರು. ಟಿವಿಯಲ್ಲಿ ಅದನ್ನು ಕೇಳುತ್ತಾ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ತಂಗಿಯನ್ನೂ ಜನ ಕನ್ನಡ ಮಾತಾಡುವವರೆಗೆ ವಿದೇಶದವಳು ಅಂತಲೇ ನೋಡುತ್ತಾರೆ.

ಡಲ್ಲಾಸ್‌ವಾಸಿ

ತಂಗಿ, ಬರೆದದ್ದಕ್ಕೆ ವಂದನೆ. ಅಟ್ಲಾಂಟಾದ ಅಕ್ಕನಿಗೆ ಒಂದು ಪ್ರಶ್ನೆ. ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಡಾಕ್ಟರು, ನರ್ಸುಗಳು ಬೇಕಾದಷ್ಟಿದ್ದಾರೆ. ಅವರಿಗೆ ಏನು ಹೇಳಲಿ? ಭಾಷಣ ಬೇಡ, ನಾಳೆ ಡ್ಯೂಟಿಯಲ್ಲಿ ಮಾಡುವಂಥದ್ದು.

ಅಟ್ಲಾಂಟಾದಿಂದ

ಹೆರಿಗೆಯಾಗಿ ಒಂದು ವರ್ಷದವರೆಗೂ ಅಪಾಯ ಇರುತ್ತದೆ, ಅದನ್ನು ಮೊದಲು ನೆನಪಿಡಿ. ಇಳಿಯದ ತಲೆನೋವು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು, ಎದೆನೋವು, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದನ್ನು ಹೇಳಿದರೂ ‘ಬಾಣಂತಿಗೆ ಇದೆಲ್ಲ ಸಹಜ’ ಅನ್ನಬೇಡಿ. ಬಿಪಿ ಅಲ್ಲೇ ನೋಡಿ. ನೋವು ಎಷ್ಟು ಅಂತ ಅವಳು ಹೇಳಿದ ಸಂಖ್ಯೆಯನ್ನೇ ಬರೆಯಿರಿ, ಮುಖ ನೋಡಿ ನೀವು ಅಂದುಕೊಂಡದ್ದನ್ನಲ್ಲ. ಪರೀಕ್ಷೆ ಬೇಡ ಅಂತ ಡಾಕ್ಟರ್ ಅಂದರೆ, ಯಾಕೆ ಬೇಡ ಅಂತ ಕೇಸ್ ಶೀಟಿನಲ್ಲಿ ಬರೆಯಲು ಕೇಳಿ. ಬರೆಯಬೇಕು ಅಂದಾಗ ಎಷ್ಟೋ ಜನ ಸ್ಕ್ಯಾನಿಗೆ ಒಪ್ಪುವುದನ್ನು ನೋಡಿದ್ದೇನೆ. ಮನೆಯಲ್ಲಿ ಹೊಡೆತ ಇದೆಯಾ ಅಂತ ಕೇಳುವಾಗ ಗಂಡನನ್ನು ಹೊರಗೆ ಕಳಿಸಿ ಕೇಳಿ. ಇಲ್ಲಿ ಗರ್ಭಿಣಿಯರ ಸಾವಿಗೆ ಕೊಲೆಯೂ ಒಂದು ದೊಡ್ಡ ಕಾರಣ, ಕಪ್ಪು ಹೆಂಗಸರಲ್ಲಿ ಅದು ಇನ್ನೂ ಜಾಸ್ತಿ. ನಿಮ್ಮ ಕೂಟದಲ್ಲಿ ಶನಿವಾರ ಸಂಜೆ ಒಂದು ತಾಸು ಸಿಕ್ಕರೆ ನಾನು ವಿಡಿಯೋದಲ್ಲಿ ಬಂದು ಮಾತಾಡುತ್ತೇನೆ. ಆದರೆ ಮೊದಲು ಅಲ್ಲಿನ ಕಪ್ಪು ದೌಲಾ, ಅಂದರೆ ಹೆರಿಗೆಯ ಹೊತ್ತಿಗೆ ಜೊತೆಗಿದ್ದು ನೆರವಾಗುವವರು, ಯಾರಾದರೂ ಸಿಗುತ್ತಾರಾ ನೋಡಿ. ಈ ಕೆಲಸ ಅವರು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಬಂದರೆ ಅವರ ಸಮಯಕ್ಕೆ ಸರಿಯಾಗಿ ದುಡ್ಡು ಕೊಡಿ.